ಕೇಳಿತಾ?

ನಮ್ಮ ಕಡೆ ನನ್ನ ಪ್ರಾಯದ ಹೆಂಗಸರು ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಕೇಳಿತಾ?" ಎನ್ನುತ್ತೇವೆ. ಅಡಿಗೆಮನೆಯ ಹಿಂದಿನ ಮೆಟ್ಟಿಲಲ್ಲಿ ನಿಂತು "ಕೇಳಿತಾ?" ಎಂದರೆ ಕೆಳಗೆ ಅಡಿಕೆ ತೋಟದಿಂದ "ಓ" ಎಂದು ಬರುತ್ತದೆ. ಮದುವೆಯಾಗಿ ಕಾಸರಗೋಡಿನ ಬದಿಯಡ್ಕದ ಹತ್ತಿರದ ಈ ಮನೆಗೆ ಬಂದ ಮೇಲೆ ದಿನಕ್ಕೆ ಹತ್ತು ಸಲವಾದರೂ ಹೀಗೆ ಕರೆದಿದ್ದೇನೆ. ಅದೊಂದು ಪ್ರಶ್ನೆ ಎಂದು ಯಾವತ್ತೂ ಅನಿಸಿದ್ದೇ ಇಲ್ಲ.

ಒಂದು ಮಳೆಗಾಲದಲ್ಲಿ ಆ "ಓ" ಬರುವುದು ಕಡಿಮೆ ಆಯಿತು. ಮಳೆಯ ಸದ್ದಿಗೆ ಕೇಳುವುದಿಲ್ಲ ಎಂದುಕೊಂಡೆ. ಮಳೆ ಬಿಟ್ಟಿತು, ಆಗಲೂ ಬರಲಿಲ್ಲ. ಊಟಕ್ಕೆ ಕೂತಾಗ ಎದುರಿನಿಂದಲೇ "ಎಂತ? ಎಂತ ಹೇಳಿದೆ?" ಎಂದು ಎರಡೆರಡು ಸಲ ಕೇಳತೊಡಗಿದರು. ಇವರಿಗೆ ಕಿವಿ ಮಂದ ಆಗ್ತಾ ಉಂಟು ಎಂದು ನಾನೇ ತೀರ್ಮಾನ ಮಾಡಿದೆ. ಅವರಿಗೆ 72, ಆಗುವ ಪ್ರಾಯವೇ. ಮಗನಿಗೆ ಫೋನ್ ಮಾಡಿ ಹೇಳಿದೆ. ಅವನೂ "ಏನಮ್ಮ, ಜೋರು ಹೇಳು" ಎಂದ. ಅವನ ಫೋನಿನ ದೋಷ ಎಂದುಕೊಂಡೆ.

ನನಗೆ ಪಾರ್ಕಿನ್ಸನ್ ಇದೆ ಎಂದು ಗೊತ್ತಾಗಿ ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಬಲಗೈ ನಡುಗುತ್ತಿತ್ತು. ಗುಳಿಗೆ ತೆಗೆದುಕೊಳ್ಳುತ್ತಿದ್ದೆ. ಕೈ ಸುಮಾರು ಹಿಡಿತಕ್ಕೆ ಬಂದಿತ್ತು. ನಮ್ಮಲ್ಲಿ ಇದಕ್ಕೆ ಕಂಪವಾತ ಎನ್ನುತ್ತಾರೆ, ಕೈ ನಡುಗುವ ಕಾಯಿಲೆ ಎನ್ನುತ್ತಾರೆ. ಹೆಸರಿನಲ್ಲೇ ನಡುಕ ಇರುವಾಗ ಎಲ್ಲರ ಕಣ್ಣು ಕೈಯ ಮೇಲೆ. ನನ್ನ ಕಣ್ಣೂ ಅಷ್ಟೇ. ಸ್ವರಕ್ಕೂ ಈ ಕಾಯಿಲೆಗೂ ಸಂಬಂಧ ಇದೆ ಎಂದು ನನಗೆ ಹೊಳೆಯಲೇ ಇಲ್ಲ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ಈ ಕಾಯಿಲೆಯ ಬಗ್ಗೆ ಮೊದಲ ಸಲ ವಿವರವಾಗಿ ಬರೆದಾಗಲೇ, ಕೊನೆ ಕೊನೆಗೆ ರೋಗಿಯ ಮಾತು ಅರ್ಥವಾಗದ ಹಾಗೆ ಆಗುತ್ತದೆ ಎಂದು ಬರೆದಿದ್ದರಂತೆ. ಇನ್ನೂರು ವರ್ಷ ಹಳೆಯ ವಿಷಯ. ನನಗೆ ಗೊತ್ತಾದದ್ದು ಗಂಡನ ಕಿವಿ ಪರೀಕ್ಷೆ ಮಾಡಿಸಲು ಮಂಗಳೂರಿಗೆ ಹೋದಾಗ.

ಒಬ್ಬಳು ಸಣ್ಣ ಪ್ರಾಯದ ಹುಡುಗಿ ಪರೀಕ್ಷೆ ಮಾಡಿದಳು. ಇವರನ್ನು ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಇಟ್ಟು, ಸದ್ದು ಕೇಳಿದಾಗ ಕೈ ಎತ್ತಿ ಎಂದಳು. ಇವರು ಶಾಲೆ ಮಕ್ಕಳ ಹಾಗೆ ಕೈ ಎತ್ತಿದರು. ಮುಗಿದ ಮೇಲೆ ಅವಳು ಕಾಗದ ನನ್ನ ಮುಂದಿಟ್ಟು ಹೇಳಿದಳು: "ಇವರ ಕಿವಿ ಪ್ರಾಯಕ್ಕೆ ತಕ್ಕ ಹಾಗೆ ಚೆನ್ನಾಗಿಯೇ ಉಂಟು. ಅಮ್ಮ, ಬೇಜಾರು ಮಾಡ್ಬೇಡಿ. ನೀವು ಬಂದಾಗಿಂದ ನಿಮ್ಮ ಮಾತು ಕೇಳ್ಲಿಕ್ಕೆ ನಾನೇ ಮೂರು ಸಲ ಮುಂದೆ ಬಗ್ಗಿದೆ."

ನಾನು ನಂಬಲಿಲ್ಲ. ಅವಳು ನನ್ನ ಮೊಬೈಲಿನಲ್ಲೇ ನನ್ನ ಮಾತನ್ನು ರೆಕಾರ್ಡ್ ಮಾಡಿ ಹಾಕಿದಳು. ಮಾತಾಡುವಾಗ ನನ್ನ ಲೆಕ್ಕದಲ್ಲಿ ಸಾಕಷ್ಟು ಗಟ್ಟಿಯಾಗಿಯೇ ಹೇಳಿದ್ದೆ. ಮೊಬೈಲಿನಿಂದ ಬಂದದ್ದು ಜ್ವರದಲ್ಲಿ ಮಲಗಿದವರ ಸ್ವರ. ಏರಿಲ್ಲ, ಇಳಿವಿಲ್ಲ. ವಾಕ್ಯ ಶುರುವಾಗುವಾಗ ಸ್ವಲ್ಪ ಕೇಳುತ್ತದೆ, ಕೊನೆಗೆ ಬರುವಾಗ ಗಾಳಿ ಮಾತ್ರ. ಇವರು ಪಕ್ಕದಲ್ಲೇ ಕೂತಿದ್ದರು. ಏನೂ ಹೇಳಲಿಲ್ಲ. ಇಷ್ಟು ದಿನ ಇವರಿಗೆ ಕೇಳುತ್ತಿದ್ದುದು ಈ ಸ್ವರ. ನಾನೋ, ಕಿವಿ ಕೇಳುವುದಿಲ್ಲ ಎಂದು ಅವರನ್ನೇ ಗದರಿಸಿದ್ದೆ.

ಕಿವಿ ನೋಡುವವರೇ ಮಾತಿನ ಚಿಕಿತ್ಸೆಯನ್ನೂ ಕೊಡುವುದು ನಮ್ಮ ಪುಣ್ಯ. ಇಲ್ಲಿ ಎರಡಕ್ಕೂ ಓದು ಒಂದೇ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಹೆಸರಿನಲ್ಲೇ ಎರಡೂ ಇವೆ, ಅಲ್ವಾ? ಬೇರೆ ಬೇರೆಯವರಾಗಿದ್ದರೆ ಅವತ್ತು ಇವರ ಕಿವಿ ಸರಿ ಇದೆ ಎಂದು ಕಳಿಸಿಬಿಡುತ್ತಿದ್ದರು.

ಆ ಹುಡುಗಿ ನನಗೆ ವಿಷಯ ಬಿಡಿಸಿ ಹೇಳಿದಳು. ಗಂಟಲು ಹಾಳಾಗಿಲ್ಲ. ಗಂಟಲಿನೊಳಗೆ ಎರಡು ಧ್ವನಿತಂತುಗಳಿರುತ್ತವೆ. ಮಾತಾಡುವಾಗ ಅವು ಒಂದಕ್ಕೊಂದು ತಾಗಿ ಕಂಪಿಸಬೇಕು. ನನ್ನವು ಪೂರ್ತಿ ತಾಗುವುದಿಲ್ಲ, ನಡುವಿನಿಂದ ಗಾಳಿ ಸೋರುತ್ತದೆ. ಎದೆಯಿಂದ ಬರುವ ಉಸಿರೂ ಕಡಿಮೆ. ಹಾಗೆಂದು ಅವಕ್ಕೆ ಶಕ್ತಿ ಇಲ್ಲ ಎಂದಲ್ಲ. ಮಿದುಳಿನಲ್ಲಿ ಡೋಪಾಮಿನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ಕಡಿಮೆಯಾಗುತ್ತಾ ಹೋದ ಹಾಗೆ, ಯಾವ ಚಲನೆ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕ ತಪ್ಪುತ್ತದೆ. ಎಲ್ಲವೂ ಸಣ್ಣದಾಗುತ್ತದೆ. ಹೆಜ್ಜೆ ಸಣ್ಣ, ಅಕ್ಷರ ಸಣ್ಣ, ಸ್ವರ ಸಣ್ಣ.

ಅಕ್ಷರ ಎಂದಾಗ ನನಗೆ ಒಮ್ಮೆಲೇ ಹೊಳೆಯಿತು. ನಾನು ಕನ್ನಡ ಟೀಚರ್. ನನ್ನ ಕೈಬರಹ ನೋಡಿ ಮಕ್ಕಳು ಕಾಪಿ ಬರೆಯುತ್ತಿದ್ದರು. ಕಾಯಿಲೆ ಗೊತ್ತಾಗುವ ಒಂದು ವರ್ಷ ಮೊದಲೇ ಮನೆಯ ಲೆಕ್ಕದ ಪುಸ್ತಕದಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಆಗಿತ್ತು. ಗೆರೆಯ ಶುರುವಿಗೆ ಸರಿ ಇರುತ್ತಿತ್ತು, ಗೆರೆ ಮುಗಿಯುವಾಗ ಒತ್ತಕ್ಷರ ಯಾವುದು, ದೀರ್ಘ ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ನನ್ನ ವಾಕ್ಯಕ್ಕೂ ಆದದ್ದು ಅದೇ. ಗೆರೆಯ ಕೊನೆಗೆ ಬರುವಾಗ ಕಿರಿದಾಗಿ ಹೋಗುವುದು.

ಆದರೆ ಅಕ್ಷರ ಸಣ್ಣ ಆದರೆ ಕಣ್ಣಿಗೆ ಕಾಣುತ್ತದೆ. ಸ್ವರ ಸಣ್ಣ ಆದದ್ದು ನಮಗೆ ಕೇಳುವುದಿಲ್ಲ. ಈ ಕಾಯಿಲೆಯಲ್ಲಿ ನನಗೆ ಅತಿ ಕಷ್ಟ ಕೊಟ್ಟದ್ದು ಇದೇ. ನಮ್ಮ ಸ್ವರವನ್ನು ನಾವೇ ಅಳೆಯುವ ತಕ್ಕಡಿಯೂ ಕೆಡುತ್ತದೆ. ಸರಿಯಾದ ಮಾತು ಬೊಬ್ಬೆ ಹಾಕಿದ ಹಾಗೆ ಅನಿಸುತ್ತದೆ. ಪಿಸುಮಾತು ಸರಿಯಾದ ಮಾತಿನ ಹಾಗೆ ಅನಿಸುತ್ತದೆ. ಹಾಗಾಗಿ ಇದಕ್ಕೆ ಮದ್ದು ಗಂಟಲಿಗಲ್ಲ, ತಕ್ಕಡಿಗೆ. ಕೈಗೆ ಹಿಡಿಸಿದ ಗುಳಿಗೆ ಸ್ವರಕ್ಕೆ ಅಷ್ಟಾಗಿ ಹಿಡಿಸಲಿಲ್ಲ. ಸ್ವರಕ್ಕೆ ಅಭ್ಯಾಸವೇ ಬೇಕು ಎಂದು ಡಾಕ್ಟರೂ ಹೇಳಿದರು.

ಅವಳು ಹೇಳಿಕೊಟ್ಟ ಅಭ್ಯಾಸ ಅಮೆರಿಕದಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು. ಲೊರೇನ್ ರಾಮಿಗ್ ಎಂಬವರು ಮತ್ತು ಅವರ ಜೊತೆಯವರು ಮಾಡಿದ್ದು. ಅದಕ್ಕೆ ಲೀ ಸಿಲ್ವರ್‌ಮನ್ ಎಂಬ ಪಾರ್ಕಿನ್ಸನ್ ಇದ್ದ ಹೆಂಗಸಿನ ಹೆಸರಿಟ್ಟಿದ್ದಾರೆ. ಅವರ ಮನೆಯವರಿಗೆ ಇದ್ದ ಆಸೆ ಒಂದೇ ಅಂತೆ, ಅವರ ಮಾತು ನಮಗೆ ಕೇಳುವ ಹಾಗಾಗಬೇಕು ಎಂದು. ವಾರಕ್ಕೆ 4 ದಿನ, ದಿನಕ್ಕೆ 1 ಗಂಟೆ, ಹೀಗೆ 4 ವಾರ. ಒಟ್ಟು 16 ಪಾಠ. ಪಾಠ ಇಲ್ಲದಾಗ ಮನೆಯಲ್ಲಿ ಅಭ್ಯಾಸ. ಇಲ್ಲಿಂದ ವಾರಕ್ಕೆ 4 ದಿನ ಮಂಗಳೂರಿಗೆ ಹೋಗಿ ಬರುವುದು ಈ ಸೊಂಟದಲ್ಲಿ ಆಗುವ ಮಾತಲ್ಲ. ಮೊದಲ ಮೂರು ಪಾಠಕ್ಕೆ ಹೋದೆ, ಉಳಿದದ್ದು ಮೊಬೈಲಿನಲ್ಲಿ ವಿಡಿಯೋ. ಗಾಳಿ ಮಳೆಗೆ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತಿತ್ತು. ಅಂಥ ದಿನ ಪಾಠ ಮರುದಿನಕ್ಕೆ.

ಅಭ್ಯಾಸ ನೋಡಲಿಕ್ಕೆ ಸುಲಭ. ಉಸಿರು ತುಂಬಿಸಿ "ಆ" ಎಂದು ಆದಷ್ಟು ಹೊತ್ತು ಗಟ್ಟಿಯಾಗಿ ಎಳೆಯುವುದು. ಮತ್ತೆ ಸ್ವರವನ್ನು ಮೇಲಕ್ಕೆ ಏರಿಸುವುದು, ಕೆಳಕ್ಕೆ ಇಳಿಸುವುದು. ಮತ್ತೆ ದಿನವೂ ಆಡುವ ಹತ್ತು ವಾಕ್ಯ ಗಟ್ಟಿಯಾಗಿ ಹೇಳುವುದು, ಕೊನೆಗೆ ಓದುವುದು, ಮಾತಾಡುವುದು. ಮೊಬೈಲಿನಲ್ಲಿ ಸದ್ದು ಅಳೆಯುವ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಅದನ್ನು ಒಂದು ಮೊಳ ದೂರ ಇಟ್ಟು ಮಾತಾಡಬೇಕು. ಮೊದಲ ದಿನ ನನ್ನ ಮಾತು 60 ಡೆಸಿಬಲ್ ದಾಟಲಿಲ್ಲ. ಗಂಟಲು ಹಿಂಡಬಾರದು, ಹೊಟ್ಟೆಯಿಂದ ಉಸಿರು ಬರಬೇಕು ಎಂದು ಪದೇ ಪದೇ ಹೇಳುತ್ತಿದ್ದಳು.

ನನಗೆ ತಡೆಯಾದದ್ದು ಉಸಿರಲ್ಲ, ನಾಚಿಕೆ. ಹೆಣ್ಣುಮಕ್ಕಳ ಸ್ವರ ಅಂಗಳ ದಾಟಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಹಾಗೆಯೇ ಬೆಳೆದೆ. ಗಟ್ಟಿ ಮಾತಾಡಲು ನನಗೆ ಅನುಮತಿ ಸಿಕ್ಕಿದ್ದು ಶಾಲೆಯಲ್ಲಿ ಮಾತ್ರ. ಅಲ್ಲಿ ಹಂಚಿನ ಮಾಡಿನ ಮೇಲೆ ಆಟಿ ತಿಂಗಳ ಮಳೆ ಸುರಿಯುತ್ತಿದ್ದರೂ 45 ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದೆ. ಹಿಂದಿನ ಬೆಂಚಿಗೂ ಕೇಳುತ್ತಿತ್ತು. ಮನೆಗೆ ಬಂದು ಚಪ್ಪಲಿ ಕಳಚುವಾಗ ಆ ಸ್ವರವನ್ನೂ ಕಳಚಿ ಇಡುತ್ತಿದ್ದೆ. ಇದನ್ನು ಮೂರನೇ ಪಾಠದಲ್ಲಿ ಸುಮ್ನೆ ಮಾತಿಗೆ ಅವಳ ಹತ್ತಿರ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. "ಟೀಚರೇ, ಇನ್ನು ಮುಂದೆ ಮನೆ ಸ್ವರ ಬೇಡ. ನನಗೆ ಶಾಲೆ ಸ್ವರ ಕೊಡಿ" ಎಂದಳು. ಎಲ್ಲ ವಿವರಣೆಗಿಂತ ಆ ಒಂದು ಮಾತು ನನಗೆ ಹಿಡಿಯಿತು.

ಆದರೂ ಮನೆಯೊಳಗೆ ನಿಂತು "ಆ" ಎಂದು ಕೂಗಲು ಧೈರ್ಯ ಬರಲಿಲ್ಲ. ದಾರಿಯಲ್ಲಿ ಹೋಗುವವರು ಏನೆಂದುಕೊಂಡಾರು? ಹಾಗೆ ನಾನು ಸುರಂಗದ ಬಾಯಿಗೆ ಹೋದೆ.

ಕಾಸರಗೋಡಿನ ಹೊರಗಿನವರಿಗೆ ಸುರಂಗ ಎಂದರೆ ರೈಲು ಹೋಗುವ ಸುರಂಗ. ನಮಗೆ ಅದು ನೀರಿನ ಮೂಲ. ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಕೊರೆದ ಬಾವಿ ಎಂದು ತಿಳಿದುಕೊಳ್ಳಿ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ಒಳಗೆ ಹೋಗುವಷ್ಟೇ ಅಗಲ. ಒಳಗೆ ಗೋಡೆಯಿಂದ ಜಿನುಗಿದ ನೀರು ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮದು ಮಾವನವರ ಕಾಲದಲ್ಲಿ ತೋಡಿಸಿದ್ದು. ತೋಟದ ಮೇಲಿನ ಬದಿಯಲ್ಲಿ, ಜರಿಗಿಡಗಳ ನಡುವೆ ಇದೆ. ಬಾಯಲ್ಲಿ ನಿಂತರೆ ಮುಖಕ್ಕೆ ತಣ್ಣಗೆ ಗಾಳಿ ಬಡಿಯುತ್ತದೆ. ಒದ್ದೆ ಮಣ್ಣಿನ ವಾಸನೆ, ಬಾವಲಿಯ ವಾಸನೆ. ನಾಲ್ಕು ಹೆಜ್ಜೆ ಒಳಗೆ ಬೆಳಕು ಮುಗಿಯುತ್ತದೆ. ಅಲ್ಲಿಂದಾಚೆಗೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ.

ಬೆಳಿಗ್ಗೆ ಗುಳಿಗೆ ತಗೊಂಡು ಮುಕ್ಕಾಲು ಗಂಟೆ ಆದ ಮೇಲೆ ಕೋಲು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಇವರು ಹಿಂದೆ ಬಂದು ಕೆರೆಯ ಕಟ್ಟೆಯಲ್ಲಿ ಕೂರುತ್ತಿದ್ದರು. ನಾನು ಬಾಯಲ್ಲೇ ನಿಂತು ಒಳಗಿನ ಕತ್ತಲೆಗೆ ಮುಖ ಮಾಡಿ "ಆ" ಎನ್ನುತ್ತಿದ್ದೆ. ಸಣ್ಣ ಸ್ವರಕ್ಕೆ ಸುರಂಗ ಏನೂ ಹೇಳುವುದಿಲ್ಲ. ನುಂಗಿ ಸುಮ್ಮನಿರುತ್ತದೆ. ಸ್ವರ ಸಾಕಷ್ಟು ಇದ್ದರೆ ಇಡೀ ಗುಹೆ ತುಂಬಿ, ಗುಂಯ್ ಎಂದು ತಿರುಗಿ ಬಂದು ಎದೆಗೆ ತಾಗುತ್ತದೆ. ಆ್ಯಪಿನ ಅಂಕೆಗಿಂತ ನನಗೆ ಇದು ಬೇಗ ಅರ್ಥವಾಯಿತು. ನನ್ನ ಒಳಗಿನ ತಕ್ಕಡಿ ಕೆಟ್ಟಿದೆ, ಹೊರಗೆ ಇನ್ನೊಂದು ತಕ್ಕಡಿ ಬೇಕು. ಮಾವನವರು ಗುಡ್ಡದಲ್ಲಿ ತೋಡಿಸಿಟ್ಟಿದ್ದರು. ಎರಡನೇ ವಾರದಲ್ಲಿ ಒಂದು ದಿನ "ಆ" 14 ಸೆಕೆಂಡು ನಿಂತಿತು. ಒಳಗಿಂದ ಬಾವಲಿಗಳು ಪಟಪಟನೆ ಎದ್ದು ನಮ್ಮ ತಲೆಯ ಮೇಲಿಂದ ಹೋದವು. ಇವರು ಕಟ್ಟೆಯಿಂದ ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಕಣ್ಣಲ್ಲಿ ನೀರು ಬಂತು.

ಹತ್ತು ವಾಕ್ಯದ ಪಟ್ಟಿಯ ಕಥೆ ಹೇಳಬೇಕು. ದಿನಾ ನೀವು ನಿಜವಾಗಿ ಆಡುವ ಮಾತು ಬರೆದು ತನ್ನಿ ಎಂದಿದ್ದಳು. ಕಾಗದ ಹಿಡಿದು ಕೂತೆ. ದೊಡ್ಡ ದೊಡ್ಡ ಮಾತು ಬರೆಯೋಣ ಎಂದರೆ ಯಾವುದೂ ನಾನು ದಿನಾ ಆಡುವುದಲ್ಲ. ಕೊನೆಗೆ ಬರೆದದ್ದು ಇಂಥವು: ಕೇಳಿತಾ? ಚಾ ಆಯ್ತು ಬನ್ನಿ. ಗೇಟು ಹಾಕಿದ್ದೀರಾ? ಗುಳಿಗೆ ತಗೊಂಡಾಯ್ತು. ಮಗು ಉಂಡನಾ? ನನಗೆ ಸ್ವಲ್ಪ ಹೊತ್ತು ಕೊಡಿ. ತೋಟದ ಕೆಲಸಕ್ಕೆ ಬರುವವರಿಗೆ ತುಳುವಿನಲ್ಲಿ "ಚಾ ಪರ್ಪರಾ?", ಚಾ ಕುಡಿಯುತ್ತೀರಾ? ಬಸ್ಸಿನ ಕಂಡಕ್ಟರಿಗೆ ಮಲಯಾಳದಲ್ಲಿ "ಇವಿಡೆ ಇರಂಙಣಂ", ಇಲ್ಲಿ ಇಳಿಯಬೇಕು. ಪಟ್ಟಿ ನೋಡುತ್ತಾ ಕೂತಾಗ, ನನ್ನ ಇಡೀ ದಿನ ಈ ಹತ್ತು ಮಾತಿನಲ್ಲಿ ನಡೆಯುತ್ತದಲ್ಲ ಅನಿಸಿತು. ಇವಿಷ್ಟು ಕೇಳಿಸದಿದ್ದರೆ ನಾನು ಈ ಮನೆಯಲ್ಲಿ ಇದ್ದೂ ಇಲ್ಲದ ಹಾಗೆ.

ಮೂರು ಭಾಷೆಯ ವಿಷಯ ಬಂದ ಕಾರಣ ಒಂದು ಘಟನೆ ಹೇಳುತ್ತೇನೆ. ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಒಂದು ಕಚೇರಿಗೆ ಕಾಗದಪತ್ರದ ಕೆಲಸಕ್ಕೆ ಹೋಗಿದ್ದೆ. ನನ್ನ ಮಲಯಾಳ ಅಷ್ಟು ಚಂದ ಇಲ್ಲ, ಆದರೆ ಕೆಲಸಕ್ಕೆ ಸಾಕು. ಕಿಟಕಿಯ ಆಚೆ ಫ್ಯಾನಿನ ಸದ್ದು, ಹಿಂದೆ ಸಾಲು. ನಾನು ಎರಡು ಸಲ ಹೇಳಿದೆ. ಆಚೆಯವರಿಗೆ ಕೇಳಲಿಲ್ಲ. "ಮಲಯಾಳಂ ಅರಿಯಿಲ್ಲೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಹಿಂದಿನವರ ಕಾಗದ ತೆಗೆದುಕೊಂಡರು. ಇಲ್ಲಿ ಕನ್ನಡದವರು ಮೆಲ್ಲ ಮಾತಾಡಿದರೆ ಭಾಷೆ ಬರುವುದಿಲ್ಲ ಎಂದೇ ಲೆಕ್ಕ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಗಡಿಯ ಈಚೆ, ಕೇರಳದಲ್ಲಿ ಉಳಿದ ನಮಗೆ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ಉಂಟು. ಅದನ್ನು ಅವತ್ತು ಹೇಳಬೇಕಿತ್ತು. ಆದರೆ ಹಕ್ಕು ಹೇಳಲಿಕ್ಕೂ ಸ್ವರ ಬೇಕಲ್ಲ. ಮುಖದಲ್ಲೂ ಏನೂ ಕಾಣಿಸುವುದಿಲ್ಲ. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳೂ ಬಿಗಿಯಾಗುತ್ತವೆ. ನಗು ಬಂದರೂ, ಅಳು ಬಂದರೂ ಮುಖ ಒಂದೇ. ಸ್ವರವೂ ಇಲ್ಲ, ಮುಖವೂ ಇಲ್ಲ ಎಂದರೆ ಎದುರಿನವರು ಏನೆಂದು ತಿಳಿಯಬೇಕು?

ಆ ರಾತ್ರಿ ಸೊಸೆ ಒಂದು ಕಾರ್ಡು ಮಾಡಿಕೊಟ್ಟಳು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. "ನನಗೆ ಪಾರ್ಕಿನ್ಸನ್ ಇದೆ. ಸ್ವರ ಸಣ್ಣ. ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಸ್ವಲ್ಪ ಕಾಯಿರಿ." ಈಗ ಪರ್ಸಿನಲ್ಲೇ ಇರುತ್ತದೆ. ತೋರಿಸಿದ ಮೇಲೆ ಹೆಚ್ಚಿನವರು ಕಾಯುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಆಟೋದವನು ಓದಿ, ಇಂಜಿನ್ ಆಫ್ ಮಾಡಿ, ಇಳಿದು ನನ್ನ ಹತ್ತಿರ ಬಂದು ನಿಂತ. "ಟೀಚರ್, ನಾನು ನಿಮ್ಮ ನಾಲ್ಕನೇ ಕ್ಲಾಸಿನವ. ಈಗ ಹೇಳಿ" ಎಂದ. ಹಾಜರಿ ಕರೆಯುವಾಗ ಕಿಟಕಿ ಹತ್ತಿರ ಕೂರುತ್ತಿದ್ದ ಹುಡುಗ. ಹೆಸರು ನೆನಪಾಯಿತು, ಕರೆದೆ. ಅವನಿಗೆ ಕೇಳಿತು.

ಜನ ಸೇರುವಲ್ಲಿ ಮಾತ್ರ ಇನ್ನೂ ಸೋಲುತ್ತೇನೆ. ಮದುವೆ, ಉಪನಯನ, ಸತ್ತವರ ಬೊಜ್ಜ, ಎಲ್ಲ ಕಡೆ ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ. ನಾನು ಉಸಿರು ಎಳೆದು, ಮಾತು ಜೋಡಿಸಿ ಬಾಯಿ ತೆರೆಯುವಷ್ಟರಲ್ಲಿ ವಿಷಯ ಬೇರೆಲ್ಲೋ ಹೋಗಿರುತ್ತದೆ. ಬಸ್ಸು ಹೋದ ಮೇಲೆ ಸ್ಟಾಪಿಗೆ ಬಂದ ಹಾಗೆ. ನಡೆಯುತ್ತಾ ಮಾತಾಡಿದರೆ ಎರಡೂ ಕೆಡುತ್ತವೆ. ಉಣ್ಣುತ್ತಾ ಮಾತಾಡುವುದನ್ನು ಬಿಟ್ಟಿದ್ದೇನೆ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಂಗುವ ಸ್ನಾಯುಗಳಿಗೂ ಇದೇ ಕಥೆ. ನೀರು ಕುಡಿಯುವಾಗ ಕೆಮ್ಮು ಬರುವವರು ಅದನ್ನು ಡಾಕ್ಟರಿಗೆ ಖಂಡಿತ ಹೇಳಿ, ಸಣ್ಣ ವಿಷಯ ಎಂದು ಬಿಡಬೇಡಿ.

ಇನ್ನೊಂದು. ನೆಂಟರೊಬ್ಬರು ಪ್ರೀತಿಯಿಂದ ನಸುಗುನ್ನಿ ಬೀಜದ ಪುಡಿ ತಂದುಕೊಟ್ಟರು. ಅದರಲ್ಲಿ ಲೆವೊಡೋಪಾ ಎಂಬ ಮದ್ದಿನ ಅಂಶ ಇರುವುದು ನಿಜ, ನನ್ನ ಗುಳಿಗೆಯಲ್ಲಿ ಇರುವುದೂ ಅದೇ. ಹಾಗಾಗಿಯೇ ಡಾಕ್ಟರ್ ಬೇಡ ಎಂದರು. ಗುಳಿಗೆಯ ಮೇಲೆ ಅದನ್ನೂ ತಿಂದರೆ ಒಟ್ಟು ಎಷ್ಟು ಹೋಯಿತೆಂದು ಯಾರಿಗೂ ಲೆಕ್ಕ ಸಿಗುವುದಿಲ್ಲ.

ನನಗಿಂತ ಜಾಸ್ತಿ ಬದಲಾದವರು ಇವರು. ಮೊದಲು ಒಳಗಿನ ಕೋಣೆಯಿಂದಲೇ ಮಾತಾಡುತ್ತಿದ್ದರು. ಈಗ ಎದ್ದು ಬಂದು ಎದುರು ಕೂರುತ್ತಾರೆ. ಮಿಕ್ಸಿ, ಟಿವಿ ನಿಲ್ಲಿಸುತ್ತಾರೆ. ನನ್ನ ವಾಕ್ಯವನ್ನು ತಾವೇ ಮುಗಿಸುವ ಅಭ್ಯಾಸ ಇತ್ತು, ಅದನ್ನು ಬಿಟ್ಟಿದ್ದಾರೆ. ಅದಕ್ಕೆ ಅವರಿಗೆ ಎಷ್ಟು ತಾಳ್ಮೆ ಬೇಕಾಯಿತೆಂದು ನನಗೆ ಗೊತ್ತು. ಸ್ವರ ಇಳಿದಾಗ "ಎಂತ?" ಎನ್ನುವುದಿಲ್ಲ. "ಶಾಲೆ" ಎನ್ನುತ್ತಾರೆ, ಅಷ್ಟೇ. ನಾನು ಶಾಲೆಯ ಸ್ವರ ತೆಗೆಯುತ್ತೇನೆ. ಒಳಗೆ ನನಗೆ ಅವರನ್ನು ಗದರಿದ ಹಾಗೆಯೇ ಅನಿಸುತ್ತದೆ, ಇವತ್ತಿಗೂ. ಅವರಿಗೆ ಅದು ಹೆಂಡತಿ ಮಾತಾಡಿದ ಹಾಗೆ ಕೇಳುತ್ತದಂತೆ.

16 ಪಾಠ ಮುಗಿದು ಒಂದೂವರೆ ವರ್ಷ ಆಯಿತು. ಬಿಟ್ಟರೆ ಸ್ವರ ಮತ್ತೆ ಇಳಿಯುತ್ತದೆ. ನಡುವೆ ಜ್ವರ ಬಂದು 15 ದಿನ ಬಿಟ್ಟೆ, ಎಲ್ಲ ಮೊದಲಿನಿಂದ ಶುರು ಮಾಡಿದ ಹಾಗಾಯಿತು. ಬೆಳಿಗ್ಗೆ ಚೆನ್ನಾಗಿರುತ್ತದೆ, ಸಂಜೆ ಸೋಲುತ್ತದೆ. ಗುಳಿಗೆಯ ಹೊತ್ತು ತಪ್ಪಿದರೆ ಇನ್ನೂ ಕಷ್ಟ. ಮಗ ಒಂದು ಕಾಲಿಂಗ್ ಬೆಲ್ ತಂದಿಟ್ಟಿದ್ದಾನೆ. ಅದು ಬಚ್ಚಲುಮನೆಯಲ್ಲಿ ಉಂಟು, ಬಿದ್ದರೆ ಒತ್ತಲಿಕ್ಕೆ. ಅಡಿಗೆಮನೆಯಲ್ಲಿ ಇಡಲು ಬಿಡಲಿಲ್ಲ.

ನಿನ್ನೆ ಸಂಜೆ ಮೆಟ್ಟಿಲಲ್ಲಿ ನಿಂತು ಕರೆದೆ. ಉತ್ತರ ಬರಲಿಲ್ಲ. ಕಂಬ ಹಿಡಿದು, ನೆಟ್ಟಗೆ ನಿಂತು, ಉಸಿರು ತುಂಬಿಸಿ ಇನ್ನೊಮ್ಮೆ ಕರೆದೆ. ಕೆಳಗೆ ಅಡಿಕೆ ಹಾಳೆ ಎಳೆಯುವ ಸದ್ದು ನಿಂತಿತು.

"ಓ" ಎಂದರು. "ಕೇಳಿತು. ಬಂದೆ."

ಚಾ ಆರಿತ್ತು. ಪುನಃ ಬಿಸಿ ಮಾಡಲು ಇಟ್ಟೆ.